ಬಿಲ್ಲಿಂಗ್ ಪರದೆಯ ಮೇಲ್ಸಾಲು: ಕೂತವರ ಕೈ ನೋಡಿ ಕಲಿಯುವ ಆರು ಬಟನ್‌ಗಳು

ದಿನಸಿ ಅಂಗಡಿಯ ಕೌಂಟರಿನಲ್ಲಿ ಸೋಪು, ಬಿಸ್ಕತ್ತು, ಟೂತ್‌ಪೇಸ್ಟ್ ಬಿಲ್ ಆಗಲು ಹೊತ್ತು ಹಿಡಿಯುವುದಿಲ್ಲ, ಬಾರ್‌ಕೋಡ್ ಇದೆ. ಸಾಲು ಬೆಳೆಯುವುದು ಬಿಡಿ ಸಾಮಾನಿನಿಂದ. ಸಕ್ಕರೆ, ತೊಗರಿ ಬೇಳೆ, ಸೋನಾ ಮಸೂರಿ, ಶೇಂಗಾ, ಬ್ಯಾಡಗಿ ಮೆಣಸಿನಕಾಯಿ, ಅಚ್ಚು ಬೆಲ್ಲ ಇವನ್ನೆಲ್ಲ ಹೆಸರು ಹೊಡೆದು ಹುಡುಕಬೇಕು. ಹುಡುಕುವ ರೀತಿಯೂ ಒಬ್ಬೊಬ್ಬರದು ಒಂದೊಂದು. ಒಬ್ಬರು ಕನ್ನಡದಲ್ಲಿ ಎರಡಕ್ಷರ ಹೊಡೆದು ಬಾಣದ ಕೀಲಿಯಿಂದ ಇಳಿಯುತ್ತಾರೆ, ಇನ್ನೊಬ್ಬರು ಇಂಗ್ಲಿಷ್ ಅಕ್ಷರದಲ್ಲಿ ಪೂರ್ತಿ ಹೆಸರು ಹೊಡೆಯುತ್ತಾರೆ, ಮತ್ತೊಬ್ಬರಿಗೆ ಐಟಂ ಕೋಡ್ ಬಾಯಿಪಾಠ.

ಇಲ್ಲಿ ಕಟ್ಟುತ್ತಿರುವುದು ಹುಡುಕುವ ಪೆಟ್ಟಿಗೆಯ ಮೇಲೆ ಕೂರುವ ಆರು ಬಟನ್‌ಗಳ ಒಂದು ಸಾಲು. ಗಲ್ಲಾದಲ್ಲಿ ಕೂತವರು ಯಾರೋ ಅವರ ಅಭ್ಯಾಸಕ್ಕೆ ತಕ್ಕಂತೆ ಅದು ತುಂಬಿಕೊಳ್ಳುತ್ತದೆ. ಬೇಕಾದ ಸಾಮಗ್ರಿ ಕಡಿಮೆ: 4 ಜಿಬಿ ರ‍್ಯಾಮ್ ಇರುವ ಹಳೇ ಡೆಸ್ಕ್‌ಟಾಪ್, ಪೈಥಾನ್ 3, ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸ್, ಒಂದು ಬ್ರೌಸರ್. ಐಟಂಗಳು ಎರಡು ಸಾವಿರದವರೆಗೆ ಎಂದು ಇಟ್ಟುಕೊಂಡು ಲೆಕ್ಕ ಹಾಕಿದೆ.

ಪರದೆಯನ್ನು ಪೈಥಾನ್ ಜೊತೆ ಬರುವ ಟಿಕೆ ಕಿಟಕಿಗಳಲ್ಲಿ ಕಟ್ಟುವ ಆಸೆ ಬೇಡ. ಲಿನಕ್ಸ್‌ನಲ್ಲಿ ಟಿಕೆ 8.6 ಕನ್ನಡದ ಒತ್ತಕ್ಷರಗಳನ್ನು ಸರಿಯಾಗಿ ಜೋಡಿಸುವುದಿಲ್ಲ. ‘ಸಕ್ಕರೆ’ಯ ಕ ಒತ್ತು ಕೆಳಗೆ ಇಳಿಯದೆ ಪಕ್ಕದಲ್ಲಿ ನಿಲ್ಲುತ್ತದೆ. ಬ್ರೌಸರ್‌ಗೆ ಆ ತೊಂದರೆ ಇಲ್ಲ. ಅದೇ ಯಂತ್ರದಲ್ಲಿ ಓಡುವ ಪುಟ್ಟ ಪೈಥಾನ್ ಸರ್ವರ್, ಅದರ ಮುಂದೆ ಒಂದೇ ಪುಟ, ಇಷ್ಟು ಸಾಕು.

ಮೊದಲು ಒಂದು ಕಟ್ಟಳೆ

ಕೋಡ್ ಬರೆಯುವ ಮೊದಲೇ ಇದನ್ನು ಗಟ್ಟಿ ಮಾಡಿಕೊಳ್ಳಬೇಕು: ಈಗಿರುವ ಯಾವುದನ್ನೂ ಅದರ ಜಾಗದಿಂದ ಕದಲಿಸಬಾರದು. ಐಟಂ ಪಟ್ಟಿ, ಅದರ ಕ್ರಮ, ಹುಡುಕಾಟದ ಫಲಿತಾಂಶ ಎಲ್ಲ ನಿನ್ನೆಯಂತೆಯೇ ಇರಬೇಕು. ಮೇಲ್ಸಾಲಿಗೆ ಬಂದ ಐಟಂ ಕೆಳಗಿನ ತನ್ನ ಜಾಗದಲ್ಲೂ ಉಳಿಯಬೇಕು. ಮೇಲ್ಸಾಲು ಬರೀ ನಕಲು.

ಈ ಹಟಕ್ಕೆ ಕಾರಣ ಇದೆ. ಮೈಕ್ರೋಸಾಫ್ಟ್ ಆಫೀಸ್ 2000ದಲ್ಲಿ ಮೆನುಗಳು ಬಳಕೆ ನೋಡಿ ತಾವೇ ಕಿರಿದಾಗುತ್ತಿದ್ದವು. ಅಪರೂಪಕ್ಕೆ ಬಳಸುವ ಆಜ್ಞೆಗಳು ಮಡಚಿಕೊಂಡು ಮರೆಯಾಗುತ್ತಿದ್ದವು, ಬೇಕಾದಾಗ ಕೆಳಗಿನ ಬಾಣ ಒತ್ತಿ ಬಿಚ್ಚಬೇಕಿತ್ತು. ಒಂದೇ ಮೆನು ಇವತ್ತೊಂದು ಉದ್ದ, ನಾಳೆ ಇನ್ನೊಂದು ಉದ್ದ. ಆಫೀಸ್ 2007ರಲ್ಲಿ ಮೆನುಗಳ ಬದಲು ರಿಬ್ಬನ್ ಎಂಬ ಬಟನ್ ಪಟ್ಟಿ ಬಂದ ಕಾರ್ಯಕ್ರಮಗಳಲ್ಲಿ ಇದು ಹೋಯಿತು. ಸಂಶೋಧಕರಾದ ಲೀಯಾ ಫಿಂಡ್‌ಲೇಟರ್ ಮತ್ತು ಜೊವಾನಾ ಮೆಕ್‌ಗ್ರೆನರ್ 2004ರಲ್ಲಿ ಮೂರು ಬಗೆಯ ಮೆನುಗಳನ್ನು ಹೋಲಿಸಿ ನೋಡಿದರು: ಬದಲಾಗದ್ದು, ಬಳಸುವವರೇ ಬದಲಿಸಿಕೊಳ್ಳುವಂಥದ್ದು, ತಾನೇ ಬದಲಾಗುವಂಥದ್ದು. ತಾನೇ ಬದಲಾಗುವ ಮೆನುಗಿಂತ ಬದಲಾಗದ ಮೆನುವಿನಲ್ಲೇ ಕೆಲಸ ಬೇಗ ಆಯಿತು. ಕ್ಷಿಶ್ತೋಫ್ ಗಾಯೋಸ್ ಮತ್ತು ಸಂಗಡಿಗರು 2006ರಲ್ಲಿ ಪರೀಕ್ಷಿಸಿದ ವಿನ್ಯಾಸಗಳಲ್ಲಿ, ಮೂಲವನ್ನು ಮುಟ್ಟದೆ ಬೇಕಾದ ಬಟನ್‌ಗಳನ್ನು ಬೇರೆ ಪಟ್ಟಿಯಲ್ಲಿ ನಕಲು ಮಾಡಿ ಇಟ್ಟದ್ದೇ ಜನರಿಗೆ ಹಿಡಿಸಿತು. ಕಲಿಯಬೇಕಾದದ್ದು ಯಂತ್ರ ಒಂದೇ ಅಲ್ಲ. ಕೈಯೂ ಜಾಗವನ್ನು ಕಲಿಯುತ್ತಿರುತ್ತದೆ, ಅದು ಕಲಿತದ್ದನ್ನು ಯಂತ್ರ ಅಳಿಸಬಾರದು.

ಕೂತವರು ಯಾರು?

ಮನೆಯ ಕಂಪ್ಯೂಟರಿನಲ್ಲಿ ಈ ಪ್ರಶ್ನೆ ಏಳುವುದಿಲ್ಲ. ಅಂಗಡಿಯಲ್ಲಿ ಬೆಳಗ್ಗೆ ಒಬ್ಬರು, ಸಂಜೆ ಒಬ್ಬರು, ಊಟದ ಹೊತ್ತಿಗೆ ಮಾಲೀಕರ ಮಗಳು. ಲಾಗಿನ್ ಪರದೆ ಇಟ್ಟರೆ ಬೆಳಗ್ಗೆ ತೆರೆದದ್ದು ರಾತ್ರಿವರೆಗೂ ಒಂದೇ ಹೆಸರಿನಲ್ಲಿ ಓಡುತ್ತದೆ, ಮೂವರ ಅಭ್ಯಾಸವೂ ಒಂದೇ ಪಾತ್ರೆಯಲ್ಲಿ ಕಲಸಿಹೋಗುತ್ತದೆ. ಹೊಡೆಯುವ ವೇಗ ನೋಡಿ ವ್ಯಕ್ತಿಯನ್ನು ಊಹಿಸುವ ಜಾಣತನವೂ ಬೇಡ, ತಪ್ಪಿದರೆ ಪರದೆ ಕಣ್ಣೆದುರೇ ಬದಲಾಗುತ್ತದೆ.

ಗುರುತನ್ನು ಗಲ್ಲಾದ ಲೆಕ್ಕಕ್ಕೆ ಕಟ್ಟಿಹಾಕುವುದೇ ಸರಿ. ಪಾಳಿ ಬದಲಾದಾಗ ಆರಂಭದ ನಗದು ಎಷ್ಟು ಎಂದು ನಮೂದಿಸದೆ ಬಿಲ್ ತೆರೆಯಬಾರದು; ಆ ನಮೂದಿನ ಜೊತೆಗೇ ಹೆಸರಿನ ಬಟನ್ ಮತ್ತು ನಾಲ್ಕಂಕಿಯ ಪಿನ್. ದುಡ್ಡಿನ ಜವಾಬ್ದಾರಿ ಇರುವುದರಿಂದ ಇದನ್ನು ಯಾರೂ ಮರೆಯುವುದಿಲ್ಲ. ಐದು ನಿಮಿಷಕ್ಕೆ ಕೂತು ಏಳುವವರಿಗೆ ‘ಅತಿಥಿ’ ಎಂಬ ಖಾತೆ ಇರಲಿ, ಅದು ಏನನ್ನೂ ಕಲಿಯುವುದಿಲ್ಲ.

ದಾಖಲೆಯ ಕಡತ

ಬಿಲ್‌ಗಳ ಡೇಟಾಬೇಸ್ ಮತ್ತು ಅಭ್ಯಾಸದ ಡೇಟಾಬೇಸ್ ಎರಡು ಬೇರೆ ಬೇರೆ ಕಡತಗಳಾಗಿರಲಿ. ಯುಪಿಎಸ್ ಇಲ್ಲದ ಅಂಗಡಿಯಲ್ಲಿ ಕರೆಂಟು ಹೋದರೆ ಬಿಲ್ ಒಂದೂ ಕಳೆಯಬಾರದು, ಆದ್ದರಿಂದ ಅದಕ್ಕೆ ವಾಲ್ ಮೋಡ್‌ನ (ಬದಲಾವಣೆಯನ್ನು ಮೊದಲು ಪಕ್ಕದ ಕಡತದಲ್ಲಿ ಬರೆಯುವ ಬಗೆ) ಜೊತೆ ಸಿಂಕ್ರೋನಸ್ ಫುಲ್ (ಪ್ರತಿ ಬರಹವೂ ಡಿಸ್ಕಿಗೆ ಮುಟ್ಟುವವರೆಗೆ ಕಾಯುವುದು). ಅಭ್ಯಾಸದ ಕಡತಕ್ಕೆ ನಾರ್ಮಲ್ ಸಾಕು. ವಾಲ್ ಮೋಡ್‌ನಲ್ಲಿ ನಾರ್ಮಲ್ ಇಟ್ಟಾಗ ಕೊನೆಯ ಕೆಲವು ಬರಹ ಹೋಗಬಹುದು, ಕಡತ ಕೆಡುವುದಿಲ್ಲ. ಹತ್ತು ಐಟಂಗಳ ದಾಖಲೆ ಹೋದರೆ ಯಾರಿಗೂ ನಷ್ಟವಿಲ್ಲ, ಆದರೆ ಪ್ರತಿ ಐಟಂಗೂ ಡಿಸ್ಕ್ ಕಾಯುತ್ತಾ ಕೂತರೆ ಹಳೇ ಹಾರ್ಡ್‌ಡಿಸ್ಕಿನಲ್ಲಿ ಬಿಲ್ಲೇ ನಿಧಾನವಾಗುತ್ತದೆ.

ಒಂದು ಐಟಂ ಬಿಲ್ಲಿಗೆ ಸೇರಿದಾಗ ಒಂದು ಸಾಲು ಬರೆಯಿರಿ: ಬಳಕೆದಾರರ ಸಂಖ್ಯೆ, ಐಟಂ ಸಂಖ್ಯೆ, ಬಿಲ್ ಸಂಖ್ಯೆ, ಕೆಲಸದ ದಿನದ ಸಂಖ್ಯೆ, ಬಂದ ದಾರಿ (ಬಾರ್‌ಕೋಡ್, ಹುಡುಕಾಟ, ಮೇಲ್ಸಾಲು), ಒತ್ತಿದ ಕೀಲಿಗಳ ಎಣಿಕೆ, ಹಿಂದಿನ ಸಾಲು ಮುಗಿದಾಗಿನಿಂದ ಕಳೆದ ಮಿಲಿಸೆಕೆಂಡು, ಸೇರಿಸಿದ ಹತ್ತು ಸೆಕೆಂಡಿನೊಳಗೆ ಅಳಿಸಲಾಯಿತೇ ಎಂಬ ಗುರುತು. ಗ್ರಾಹಕರ ಹೆಸರು, ಫೋನ್ ನಂಬರ್ ಇದರಲ್ಲಿ ಬರಲೇಬಾರದು.

ಕೀಲಿ ಎಣಿಸುವಲ್ಲಿ ಒಂದು ತೊಡಕು ಇದೆ. ಪೆಟ್ಟಿಗೆಯಲ್ಲಿ ಕಾಣುವ ಅಕ್ಷರಗಳನ್ನು ಎಣಿಸಿದರೆ ಕನ್ನಡದಲ್ಲಿ ಹೊಡೆಯುವವರ ಲೆಕ್ಕ ತಪ್ಪುತ್ತದೆ. ಧ್ವನಿ ಆಧಾರಿತ ಕೀಲಿಮಣೆಯಲ್ಲಿ ಒಂದು ‘ಕ್ಷ’ಕ್ಕೆ ಹಲವು ಒತ್ತುಗಳು ಬೇಕು. ಕೀ ಕೆಳಗೆ ಹೋದ ಘಟನೆಗಳನ್ನೇ ಎಣಿಸಿ, ಬ್ಯಾಕ್‌ಸ್ಪೇಸ್ ಮತ್ತು ಬಾಣದ ಕೀಲಿಗಳನ್ನೂ ಸೇರಿಸಿ. ಅಕ್ಷರ ಜೋಡಣೆ ನಡೆಯುತ್ತಿರುವಾಗ ಬ್ರೌಸರ್ ಆ ಘಟನೆಗೆ 229 ಎಂಬ ಸಂಕೇತ ಕೊಡಬಹುದು, ಅದನ್ನೂ ಎಣಿಕೆಗೆ ಹಿಡಿಯಿರಿ. ಆದರೆ ಜೋಡಣೆ ಇನ್ನೂ ಮುಗಿಯದಿರುವಾಗ ಬಂದ ಎಂಟರ್ ಕೀಲಿಯನ್ನು ‘ಐಟಂ ಆಯ್ಕೆ’ ಎಂದು ತಿಳಿಯಬೇಡಿ. ಘಟನೆಯ ಜೊತೆ ಬರುವ ‘ಜೋಡಣೆ ನಡೆಯುತ್ತಿದೆ’ ಎಂಬ ಗುರುತನ್ನು ನೋಡಿಯೇ ಮುಂದೆ ಹೋಗಬೇಕು. ಇಲ್ಲದಿದ್ದರೆ ‘ರವೆ’ ಎಂದು ಪೂರ್ತಿಯಾಗುವ ಮೊದಲೇ ‘ರ’ದಲ್ಲಿ ಮೊದಲು ಸಿಕ್ಕ ಐಟಂ ಬಿಲ್ಲಿಗೆ ಬೀಳುತ್ತದೆ.

ಹೊಡೆದ ಪಠ್ಯ ಮತ್ತು ಐಟಂ ಹೆಸರು ಎರಡನ್ನೂ ಎನ್‌ಎಫ್‌ಸಿ ರೂಪಕ್ಕೆ (ಒಂದೇ ಅಕ್ಷರವನ್ನು ಯಾವಾಗಲೂ ಒಂದೇ ಥರ ಬರೆಯುವ ಯೂನಿಕೋಡ್ ರೂಪ) ತನ್ನಿ. ‘ಕೊಬ್ಬರಿ’ಯ ಕೊ ಒಂದೇ ಒಕಾರದ ಚಿಹ್ನೆಯಾಗಿಯೂ ಇರಬಹುದು, ಎಕಾರ ಮತ್ತು ಊಕಾರದ ಎರಡು ಚಿಹ್ನೆಗಳಾಗಿಯೂ ಇರಬಹುದು. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ. ಅಕ್ಷರಗಳ ನಡುವೆ ಕಾಣದೆ ಕೂರುವ, ಅಗಲವಿಲ್ಲದ ಜೋಡಕ, ಬೇರ್ಪಡಕ ಚಿಹ್ನೆಗಳನ್ನು (ZWJ, ZWNJ) ಹೋಲಿಕೆಗೆ ಮುನ್ನ ತೆಗೆದುಬಿಡಿ.

ಅಂಕ ಕೊಡುವ ಲೆಕ್ಕ

ಹೆಚ್ಚು ಬಾರಿ ಬಿಲ್ಲಾದ ಆರು ಐಟಂ ತೆಗೆದು ಮೇಲೆ ಇಟ್ಟರೆ ಆಯಿತಲ್ಲ ಎನ್ನಿಸುತ್ತದೆ. ಹಾಗೆ ಮಾಡಿದರೆ ಮೇಲ್ಸಾಲಿನಲ್ಲಿ ಹಾಲಿನ ಪ್ಯಾಕೆಟ್, ಬಿಸ್ಕತ್ತು ಬಂದು ಕೂರುತ್ತವೆ. ಅವಕ್ಕೆ ಸ್ಕ್ಯಾನರ್ ಇದೆ, ಬಟನ್ ಯಾರಿಗೂ ಬೇಡ. ಎಣಿಸಬೇಕಾದದ್ದು ಎಷ್ಟು ಬಾರಿ ಮಾರಾಟವಾಯಿತು ಎಂಬುದನ್ನಲ್ಲ, ಬಟನ್ ಇದ್ದಿದ್ದರೆ ಎಷ್ಟು ಶ್ರಮ ಉಳಿಯುತ್ತಿತ್ತು ಎಂಬುದನ್ನು.

ಆದ್ದರಿಂದ ಉಳಿತಾಯ ಎಂದರೆ ಹುಡುಕಾಟಕ್ಕೆ ಬೇಕಾದ ಕೀಲಿಗಳಲ್ಲಿ ಒಂದು ಕಳೆದದ್ದು. ಸಂಶೋಧಕರಾದ ಕಾರ್ಡ್, ಮೊರಾನ್, ನ್ಯೂವೆಲ್ 1980ರಲ್ಲಿ ಕೊಟ್ಟ ಕೀಲಿ ಒತ್ತಿನ ಮಾದರಿಯಲ್ಲಿ ಸಾಧಾರಣ ಟೈಪಿಸ್ಟರಲ್ಲದವರಿಗೆ ಒಂದು ಒತ್ತಿಗೆ 0.28 ಸೆಕೆಂಡು. ಎರಡಕ್ಷರ ಮತ್ತು ಎಂಟರ್ ಸೇರಿ ಮೂರು ಒತ್ತಿನಲ್ಲಿ ಸಿಗುವ ಐಟಂನಲ್ಲಿ ಉಳಿಯುವುದು 0.56 ಸೆಕೆಂಡು. ಏಳು ಒತ್ತು ಬೇಕಾದದ್ದರಲ್ಲಿ 1.68 ಸೆಕೆಂಡು, ಮೂರು ಪಟ್ಟು. ‘ಬೇಳೆ’ ಎಂದು ಹೊಡೆದರೆ ಹತ್ತು ಬೇಳೆ ಬಂದು ಬಾಣ ಒತ್ತುತ್ತಾ ಇಳಿಯಬೇಕಲ್ಲ, ಅಂಥವೇ ಮೇಲೆ ಬರಬೇಕಾದವು. ಕೋಡ್ ಬಾಯಿಪಾಠ ಇರುವವರ ಮೇಲ್ಸಾಲು ಇದರಿಂದಾಗಿಯೇ ಬೇರೆ ಥರ ತುಂಬುತ್ತದೆ. ಕೋಡ್ ನೆನಪಿರುವ ಐಟಂಗಳಿಗೆ ಅಂಕ ಕಡಿಮೆ, ನೆನಪಿಲ್ಲದವು ಮುಂದೆ.

ಇಲ್ಲೊಂದು ಸುಳಿ ಇದೆ. ಐಟಂ ಮೇಲ್ಸಾಲಿಗೆ ಬಂದ ಕೂಡಲೇ ಒಂದೇ ಒತ್ತಿನಲ್ಲಿ ಸಿಗುತ್ತದೆ, ಉಳಿತಾಯ ಸೊನ್ನೆ ಎಂದು ಲೆಕ್ಕ ಹೇಳುತ್ತದೆ, ಐಟಂ ಕೆಳಗಿಳಿಯುತ್ತದೆ, ಮತ್ತೆ ಹುಡುಕುತ್ತಾರೆ, ಮತ್ತೆ ಮೇಲೇರುತ್ತದೆ. ಇದನ್ನು ತಡೆಯಲು ಪ್ರತಿ ಬಳಕೆದಾರ ಮತ್ತು ಐಟಂ ಜೋಡಿಗೆ ‘ಹುಡುಕಾಟದ ಬೆಲೆ’ ಎಂದು ಬೇರೆಯಾಗಿ ಬರೆದಿಡಿ. ಅದು ಹುಡುಕಾಟದ ದಾರಿಯಲ್ಲಿ ಬಂದ ಕೊನೆಯ 15 ಬಾರಿಯ ಕೀಲಿ ಎಣಿಕೆಯ ಮಧ್ಯದ ಬೆಲೆ (ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದಾಗ ನಡುವೆ ಬರುವ ಸಂಖ್ಯೆ). ಮೇಲ್ಸಾಲಿನಿಂದ ಆರಿಸಿದಾಗಲೂ ಅಂಕಕ್ಕೆ ಇದೇ ಬೆಲೆ ಹಿಡಿಯಬೇಕು.

ಇನ್ನು ಹಳೆಯದನ್ನು ಮರೆಯುವ ಲೆಕ್ಕ. ಅರ್ಧಾಯುಷ್ಯ (ಅಂಕ ಅರ್ಧಕ್ಕೆ ಇಳಿಯುವ ಕಾಲ) 14 ದಿನ ಇಡಿ: ದಿನಕ್ಕೆ ಗುಣಕ 0.9517. ಪ್ರತಿ ಬಳಕೆಯಲ್ಲೂ ಹಳೆಯ ಅಂಕವನ್ನು ಕುಗ್ಗಿಸಿ ಒಂದು ಕೂಡಿಸಿ ಬರೆದಿಡುವುದು ಹೆಚ್ಚಿನವರು ಹಿಡಿಯುವ ದಾರಿ. ಅದರಲ್ಲಿ ಗಡಿಯಾರ ಕೈಕೊಡುತ್ತದೆ. ಹಳೇ ಡೆಸ್ಕ್‌ಟಾಪಿನ ಮದರ್‌ಬೋರ್ಡಿನಲ್ಲಿರುವ ಸಿಆರ್2032 ಬ್ಯಾಟರಿ ಸತ್ತಿದ್ದರೆ ಕರೆಂಟು ಹೋಗಿ ಬಂದಾಗ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಜಾರುತ್ತದೆ. ಕಳೆದ ಸಮಯ ಋಣವಾಗಿ, ಕುಗ್ಗಬೇಕಾದ ಅಂಕ ಉಬ್ಬುತ್ತದೆ. 40 ವರ್ಷ ಹಿಂದೆ ಹೋದರೆ ಎರಡರ ಘಾತ 1024 ದಾಟಿ ಸಂಖ್ಯೆ ಯಂತ್ರದ ಮಿತಿ ಮೀರುತ್ತದೆ, ಪೈಥಾನ್ ಲೆಕ್ಕ ದೋಷ ಕೊಟ್ಟು ನಿಲ್ಲುತ್ತದೆ. ಬ್ಯಾಟರಿ ಹಾಕಿಸಿ, ಆದರೆ ಲೆಕ್ಕ ಅದನ್ನು ನಂಬಿ ಕೂರಬಾರದು.

ಕ್ಯಾಲೆಂಡರ್ ಬಿಟ್ಟು ಕೆಲಸದ ದಿನ ಎಣಿಸಿ. ಒಬ್ಬ ಬಳಕೆದಾರರು ಹೊಸ ದಿನದ ಗಲ್ಲಾ ತೆರೆದಾಗ ಅವರ ದಿನದ ಸಂಖ್ಯೆ ಒಂದು ಏರುತ್ತದೆ, ಅಷ್ಟೇ. ಎರಡನೇ ಲಾಭವೂ ಸಿಕ್ಕಿತು: ದಸರಾಕ್ಕೆ ಹತ್ತು ದಿನ ಊರಿಗೆ ಹೋಗಿ ಬಂದವರ ಅಭ್ಯಾಸ ಹತ್ತು ದಿನ ಸವೆದಿರುವುದಿಲ್ಲ, ಶನಿವಾರ ಭಾನುವಾರ ಮಾತ್ರ ಬರುವ ಕಾಲೇಜು ಹುಡುಗನ ಮೇಲ್ಸಾಲು ನಡುವೆ ಅಳಿದಿರುವುದಿಲ್ಲ.

ಹಬ್ಬದ ಉಬ್ಬರ ಉಳಿಯಿತು. ಸಂಕ್ರಾಂತಿಯ ಮುಂಚಿನ ಮೂರು ದಿನ ಎಳ್ಳು ಬೆಲ್ಲದ ಮಿಶ್ರಣ ದಿನಕ್ಕೆ 60 ಬಿಲ್‌ನಲ್ಲಿ ಹೋಯಿತು ಎನ್ನಿ. ನೇರ ಎಣಿಕೆಯಲ್ಲಿ ಅದರ ಅಂಕ ಸುಮಾರು 171. ವರ್ಷವಿಡೀ ದಿನಕ್ಕೆ 8 ಬಿಲ್ ಕಾಣುವ ಉದ್ದಿನ ಬೇಳೆಯದು ಸುಮಾರು 164. ಹಬ್ಬ ಮುಗಿದ ಮೇಲೂ ಕೆಲವು ದಿನ ಎಳ್ಳು ಬೆಲ್ಲ ಮೇಲೆ ಅಂಟಿಕೊಂಡಿರುತ್ತದೆ. ದಿನದ ಎಣಿಕೆಯ ವರ್ಗಮೂಲ ತೆಗೆದುಕೊಂಡರೆ ಎಳ್ಳು ಬೆಲ್ಲಕ್ಕೆ ಸುಮಾರು 22, ಉದ್ದಿನ ಬೇಳೆಗೆ ಸುಮಾರು 58. ಒಂದೇ ಬಿಲ್ಲಿನಲ್ಲಿ ಎರಡು ಸಲ ಬಂದದ್ದನ್ನು ಒಂದೇ ಎಂದು ಹಿಡಿಯಿರಿ. ಕೊನೆಗೆ ನಿಲ್ಲುವ ಸೂತ್ರ ಇದು: ಪ್ರತಿ ಕೆಲಸದ ದಿನಕ್ಕೆ, ಬಿಲ್ ಎಣಿಕೆಯ ವರ್ಗಮೂಲ × (ಹುಡುಕಾಟದ ಬೆಲೆ − 1) × 0.9517ರ ಘಾತ ಆ ದಿನ ಎಷ್ಟು ಹಳೆಯದೋ ಅಷ್ಟು. ಹೀಗೆ 90 ದಿನದ್ದನ್ನು ಕೂಡಿಸಿ. ತೊಂಬತ್ತನೇ ದಿನಕ್ಕೆ ತೂಕ 0.012ಕ್ಕೆ ಇಳಿದಿರುವುದರಿಂದ ಅದಕ್ಕಿಂತ ಹಳೆಯ ಸಾಲುಗಳನ್ನು ಅಳಿಸಿಬಿಡಿ. ಗಲ್ಲಾ ತೆರೆದಾಗ ಇಡೀ ಲೆಕ್ಕವನ್ನು ಮೂಲ ದಾಖಲೆಯಿಂದ ಹೊಸದಾಗಿ ಮಾಡಬೇಕು. ಇಷ್ಟು ಸಾಲುಗಳ ಲೆಕ್ಕ ಹಳೇ ಯಂತ್ರಕ್ಕೂ ಹೊರೆಯಲ್ಲ. ಕೂಡಿಟ್ಟ ಅಂಕ ಎಂಬುದೇ ಇಲ್ಲವಾದ್ದರಿಂದ ಕೆಡಲೂ ಏನಿಲ್ಲ.

ಜಾಗ ಹಂಚುವುದು

ಅಂಕ ಬಂತು ಎಂದು ಆರನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿದರೆ ಇಡೀ ಕೆಲಸ ಹಾಳು. ಪ್ರತಿ ಬಟನ್‌ಗೂ ಕೀಬೋರ್ಡಿನ ಒಂದು ಎಫ್ ಕೀಲಿ ಇರುತ್ತದೆ. ಇವತ್ತು ಎಫ್2ರಲ್ಲಿದ್ದ ಸಕ್ಕರೆ ನಾಳೆ ಎಫ್3ಕ್ಕೆ ಹೋದರೆ ನೋಡದೆ ಒತ್ತುವ ಕೈ ರವೆಯನ್ನು ಬಿಲ್ ಮಾಡುತ್ತದೆ. ಅಂಕ ಹೇಳುವುದು ಯಾವ ಐಟಂ ಒಳಗೆ, ಯಾವುದು ಹೊರಗೆ ಎಂಬುದನ್ನು ಮಾತ್ರ. ಒಳಗಿರುವವರೆಗೆ ಪ್ರತಿ ಐಟಂ ತನ್ನ ಕೀಲಿಯಲ್ಲೇ ಇರುತ್ತದೆ.

ಹೊಸದೊಂದು ಒಳಬರಬೇಕಾದರೆ ಅದರ ಅಂಕ ಒಳಗಿರುವ ಅತಿ ದುರ್ಬಲ ಐಟಂನ 1.3 ಪಟ್ಟು ಮೀರಿರಬೇಕು, ಅದೂ ಆ ಬಳಕೆದಾರರ ಸತತ ಮೂರು ಕೆಲಸದ ದಿನ. ದಿನಕ್ಕೆ ಒಂದೇ ಬದಲಾವಣೆ. ಹೊಸದು ಕೂರುವುದು ತೆರವಾದ ಜಾಗದಲ್ಲೇ, ಉಳಿದ ಐದು ಅಲುಗುವುದಿಲ್ಲ. ಬದಲಾವಣೆ ಆಗುವುದು ಗಲ್ಲಾ ತೆರೆಯುವ ಕ್ಷಣದಲ್ಲಿ ಮಾತ್ರ. ಪಾಳಿಯ ನಡುವೆ ಎಂಥ ಕಾರಣಕ್ಕೂ ಇಲ್ಲ. ಬದಲಾದ ಬಟನ್‌ಗೆ ಮೂರು ದಿನ ಹಳದಿ ಅಂಚು, ಪಕ್ಕದಲ್ಲಿ ‘ಹಳೆಯದೇ ಇರಲಿ’ ಎಂಬ ಚಿಕ್ಕ ಗುಂಡಿ. ಅದನ್ನು ಒತ್ತಿದರೆ ಹಳೆಯ ಐಟಂ ವಾಪಸು ಬರುವುದಷ್ಟೇ ಅಲ್ಲ, ಆ ಜಾಗಕ್ಕೆ ಬೀಗ ಬೀಳಬೇಕು. ಬೀಗ ಹಾಕಿದ ಜಾಗವನ್ನು ಲೆಕ್ಕ ಮತ್ತೆ ಮುಟ್ಟುವುದಿಲ್ಲ. ಆರಕ್ಕೂ ಬೀಗ ಹಾಕಿಕೊಂಡವರಿದ್ದರೆ ಒಳ್ಳೆಯದೇ, ಅವರಿಗೆ ಬೇಕಾದದ್ದು ಸಿಕ್ಕಿದೆ.

ಹೊಸಬರಿಗೆ ಮೊದಲ ಮೂರು ದಿನ ಅಂಗಡಿಯ ಎಲ್ಲರ ಒಟ್ಟು ಅಂಕದ ಆರು ಐಟಂ ತೋರಿಸಿ. ನಾಲ್ಕನೇ ದಿನ ಅವರದೇ ಲೆಕ್ಕದಿಂದ ಒಮ್ಮೆಗೇ ತುಂಬಿ, ಪರದೆಯಲ್ಲಿ ಒಂದು ಸಾಲಿನಲ್ಲಿ ತಿಳಿಸಿ. ಆಮೇಲೆ ದಿನಕ್ಕೊಂದರ ನಿಯಮ.

ಬೆಲೆ, ತೂಕ, ಜಿಎಸ್‌ಟಿ ದರ ಇವನ್ನು ಅಭ್ಯಾಸ ನೋಡಿ ತುಂಬಲೇಬಾರದು. ‘ಇವರು ಸಕ್ಕರೆ ಯಾವಾಗಲೂ ಒಂದು ಕೆಜಿ ಹಾಕುತ್ತಾರೆ’ ಎಂದು ಯಂತ್ರ ತಾನೇ 1 ತುಂಬಿದರೆ, ಅರ್ಧ ಕೆಜಿಯ ಗ್ರಾಹಕರು ಮನೆಗೆ ಹೋಗಿ ಬಿಲ್ ನೋಡಿಕೊಳ್ಳುತ್ತಾರೆ. ಅಂಗಡಿಯ ಮೇಲಿನ ನಂಬಿಕೆ ಒಂದು ಕೀಲಿ ಒತ್ತಿಗಿಂತ ದೊಡ್ಡದು.

ಕೀಲಿಗಳು ಮತ್ತು ಬಟನ್ ಮೇಲಿನ ಹೆಸರು

ಅಂಕಿಯ ಕೀಲಿಗಳು ತೂಕಕ್ಕೆ ಬೇಕು, ಅವನ್ನು ಮುಟ್ಟಬೇಡಿ. ಕಂಟ್ರೋಲ್ ಜೊತೆ ಅಂಕಿ ಒತ್ತಿದರೆ ಕ್ರೋಮ್ ಟ್ಯಾಬ್ ಬದಲಿಸುತ್ತದೆ. ಉಳಿದದ್ದು ಎಫ್ ಸಾಲು. ಎಫ್1 ಸಹಾಯ ತೆರೆಯುತ್ತದೆ, ಎಫ್5 ಪುಟವನ್ನೇ ಮತ್ತೆ ತರುತ್ತದೆ (ಅರ್ಧ ಹೊಡೆದ ಬಿಲ್ ಹೋಯಿತು), ಎಫ್7 ಕ್ಯಾರೆಟ್ ಬ್ರೌಸಿಂಗ್ ಬೇಕೇ ಎಂದು ಕೇಳುತ್ತದೆ, ಎಫ್11 ಪೂರ್ಣ ಪರದೆ, ಎಫ್12 ಡೆವಲಪರ್ ಕಿಟಕಿ. ಆರಕ್ಕೆ ಎಫ್2, ಎಫ್3, ಎಫ್4, ಎಫ್6, ಎಫ್8, ಎಫ್9 ಇಟ್ಟುಕೊಳ್ಳಿ. ಬ್ರೌಸರ್‌ನ ಮೂಲ ಕೆಲಸವನ್ನು ಪುಟದಿಂದಲೇ ತಡೆಯಿರಿ, ಆಮೇಲೆ ಒಂದೊಂದನ್ನೂ ಆ ಅಂಗಡಿಯ ಯಂತ್ರದಲ್ಲೇ ಒತ್ತಿ ನೋಡಿ. ಬಳಸದ ಎಫ್5ರ ಪುಟ ಮರುತರುವಿಕೆಯನ್ನೂ ತಡೆಯುವುದು ಕ್ಷೇಮ. ಲ್ಯಾಪ್‌ಟಾಪ್ ಆದರೆ ಎಫ್ ಕೀಲಿಗಳು ಧ್ವನಿ, ಬೆಳಕು ಹೆಚ್ಚಿಸುವ ಕೆಲಸ ಮಾಡುತ್ತಿರಬಹುದು. ಬಯಾಸ್‌ನಲ್ಲಿ ಅಥವಾ ಎಫ್‌ಎನ್ ಬೀಗದಿಂದ ಸರಿಪಡಿಸಿ.

ಡೆಸ್ಕ್‌ಟಾಪ್ ಕೀಬೋರ್ಡಿನಲ್ಲಿ ಎಫ್4 ಆದ ಮೇಲೆ ಒಂದು ಸಂದು, ಎಫ್8 ಆದ ಮೇಲೆ ಇನ್ನೊಂದು. ಪರದೆಯ ಬಟನ್‌ಗಳ ನಡುವೆಯೂ ಅದೇ ಜಾಗದಲ್ಲಿ ಸಂದು ಬಿಡಿ. ಸಣ್ಣ ವಿಷಯ ಎನ್ನಿಸಿದರೂ ಕಣ್ಣು ಮತ್ತು ಬೆರಳಿನ ಹೊಂದಾಣಿಕೆಗೆ ಇದರಷ್ಟು ಸಹಾಯ ಮಾಡುವುದು ಬೇರೆ ಇಲ್ಲ. ಕೀಲಿಯ ಮೇಲೆ ಹೆಸರಿನ ಚೀಟಿ ಅಂಟಿಸುವುದು ಬೀಗ ಹಾಕಿದ ಜಾಗಗಳಿಗೆ ಮಾತ್ರ, ಅದೂ ಆ ಕೌಂಟರಿನಲ್ಲಿ ಒಬ್ಬರೇ ಕೂರುವುದಾದರೆ.

1366 ಪಿಕ್ಸೆಲ್ ಅಗಲದ ಪರದೆಯಲ್ಲಿ ಸಂದುಗಳನ್ನು ಬಿಟ್ಟು ಒಂದು ಬಟನ್‌ಗೆ ಸುಮಾರು 200 ಪಿಕ್ಸೆಲ್ ಸಿಗುತ್ತದೆ. ಅಕ್ಷರ 20 ಪಿಕ್ಸೆಲ್, ಸಾಲಿನ ಎತ್ತರ ಅದರ 1.6 ಪಟ್ಟು, ಕಡಿಮೆ ಮಾಡಿದರೆ ಒತ್ತುಗಳ ಕೆಳಭಾಗ ಕತ್ತರಿಸಿಹೋಗುತ್ತದೆ. ಉದ್ದ ಹೆಸರನ್ನು ಕೋಡ್‌ನಿಂದ ತುಂಡು ಮಾಡಬೇಡಿ. ‘ಬ್ಯಾಡಗಿ ಮೆಣಸಿನಕಾಯಿ ಕಡ್ಡಿ’ ಎಂಬುದನ್ನು ಸಂಕೇತಗಳ ಎಣಿಕೆಯಲ್ಲಿ ಕತ್ತರಿಸಿದರೆ ‘ಕಡ್’ ಎಂದು ಅರ್ಧಾಕ್ಷರದಲ್ಲಿ ನಿಲ್ಲಬಹುದು. ಐಟಂ ಕೋಷ್ಟಕದಲ್ಲಿ ‘ಗಿಡ್ಡ ಹೆಸರು’ ಎಂಬ ಕಾಲಂ ಸೇರಿಸಿ, ಕೌಂಟರಿನವರು ಬಾಯಲ್ಲಿ ಏನೆನ್ನುತ್ತಾರೋ ಅದನ್ನೇ ಕೈಯಾರೆ ಬರೆಯಿರಿ.

ಕೆಲಸ ಮಾಡುತ್ತಿದೆಯೇ?

ಒಟ್ಟು ಬಿಲ್‌ಗೆ ಹಿಡಿದ ಸಮಯ ನೋಡಿ ತೀರ್ಮಾನಿಸಬೇಡಿ, ಗ್ರಾಹಕರು ಚಿಲ್ಲರೆ ಹುಡುಕುವ ಹೊತ್ತೂ ಅದರಲ್ಲಿರುತ್ತದೆ. ಅದೇ ಬಳಕೆದಾರರು, ಅದೇ ಐಟಂ: ಹುಡುಕಾಟದಿಂದ ಬಂದಾಗಿನ ಮಿಲಿಸೆಕೆಂಡುಗಳ ಮಧ್ಯದ ಬೆಲೆ ಎಷ್ಟು, ಮೇಲ್ಸಾಲಿನಿಂದ ಬಂದಾಗ ಎಷ್ಟು. 30 ಸೆಕೆಂಡು ಮೀರಿದ ಸಾಲುಗಳನ್ನು ಬಿಡಿ, ಅದು ಮಾತುಕತೆಯ ಹೊತ್ತು. ಇದಕ್ಕಿಂತ ಮುಖ್ಯ, ಸೇರಿಸಿದ ಹತ್ತು ಸೆಕೆಂಡಿನೊಳಗೆ ಅಳಿಸಿದ ಸಾಲುಗಳ ಪಾಲು. ಮೇಲ್ಸಾಲಿನಲ್ಲಿ ಆ ಪಾಲು ಹುಡುಕಾಟಕ್ಕಿಂತ ಹೆಚ್ಚಿದ್ದರೆ ವೇಗ ಎಷ್ಟಿದ್ದರೂ ಪ್ರಯೋಜನವಿಲ್ಲ, 1.3ನ್ನು 1.6ಕ್ಕೆ ಏರಿಸಿ, ಮೂರು ದಿನವನ್ನು ಆರು ಮಾಡಿ, ಮತ್ತೆ ನೋಡಿ.

ಈ ದಾಖಲೆಯಲ್ಲಿ ಯಾರು ಎಷ್ಟು ವೇಗವಾಗಿ ಹೊಡೆಯುತ್ತಾರೆ ಎಂಬುದು ತಾನಾಗಿ ಸೇರಿರುತ್ತದೆ. ಮಾಲೀಕರು ‘ಹೆಸರುವಾರು ರಿಪೋರ್ಟ್ ಕೊಡಿ’ ಎಂದು ಕೇಳುವ ದಿನ ಬರುತ್ತದೆ. ಆ ಪರದೆಯನ್ನು ಕಟ್ಟಬಾರದು. ಕೆಲಸ ಹಗುರಾಗಲಿ ಎಂದು ಕೊಟ್ಟ ಅಭ್ಯಾಸದ ಮಾಹಿತಿ ಸಂಬಳ ಕಡಿತದ ಸಾಕ್ಷಿಯಾದರೆ, ಮರುದಿನದಿಂದ ಎಲ್ಲರೂ ‘ಅತಿಥಿ’ ಖಾತೆಯಲ್ಲೇ ಕೂರುತ್ತಾರೆ, ಅದು ಅವರ ಹಕ್ಕು ಕೂಡ. ಸಮಯದ ಕಾಲಂ ಅಳತೆಯ ಮೊದಲ 30 ದಿನಕ್ಕೆ ಮಾತ್ರ ಇರಲಿ, ಆಮೇಲೆ ಬರೆಯುವುದನ್ನೇ ನಿಲ್ಲಿಸಿ. ಪ್ರತಿ ಬಳಕೆದಾರರಿಗೂ ‘ನನ್ನ ಅಭ್ಯಾಸ ಅಳಿಸು’ ಎಂಬ ಗುಂಡಿ ಅವರದೇ ಪಿನ್‌ನ ಹಿಂದೆ ಇರಬೇಕು.

ಎರಡನೇ ಕೌಂಟರ್ ಬಂದಾಗ ಅಭ್ಯಾಸದ ಕಡತವನ್ನು ಹಂಚಿಕೆಯ ಫೋಲ್ಡರ್‌ನಲ್ಲಿಟ್ಟು ಎರಡು ಯಂತ್ರಗಳಿಂದ ತೆರೆಯಲು ಹೋಗಬೇಡಿ, ಎಸ್‌ಕ್ಯೂಲೈಟ್‌ನ ವಾಲ್ ಮೋಡ್ ನೆಟ್‌ವರ್ಕ್ ಕಡತ ವ್ಯವಸ್ಥೆಯ ಮೇಲೆ ನಡೆಯುವುದಿಲ್ಲ. ಸರ್ವರ್ ಮೊದಲ ಯಂತ್ರದಲ್ಲೇ ಓಡಲಿ, ಎರಡನೆಯದು ಲ್ಯಾನ್ ಕೇಬಲ್ಲಿನ ಮೂಲಕ ಬ್ರೌಸರ್‌ನಲ್ಲಿ ಅದನ್ನೇ ತೆರೆಯಲಿ. ಐಟಂ ಪಟ್ಟಿಯನ್ನು ಮಾತ್ರ ಪುಟ ತೆರೆದಾಗಲೇ ಪೂರ್ತಿ ಬ್ರೌಸರ್‌ನ ಸ್ಮೃತಿಗೆ ತಂದುಕೊಳ್ಳಿ. ಪ್ರತಿ ಅಕ್ಷರಕ್ಕೂ ಸರ್ವರ್ ಕೇಳಿದರೆ ತಡವಾಗಿ ಬಂದ ಉತ್ತರ ಎಂಟರ್ ಒತ್ತುವ ಹೊತ್ತಿಗೆ ಮೊದಲ ಸಾಲನ್ನು ಬದಲಿಸಿಬಿಡುತ್ತದೆ, ತೊಗರಿ ಬೇಳೆ ಕೇಳಿದವರಿಗೆ ಕಡಲೆ ಬೇಳೆಯ ಬಿಲ್ ಹೋಗುತ್ತದೆ. ಎರಡು ಸಾವಿರ ಹೆಸರುಗಳನ್ನು ಸ್ಮೃತಿಯಲ್ಲೇ ಹುಡುಕಲು ಕಣ್ಣಿಗೆ ಕಾಣುವಷ್ಟು ತಡವಾಗುವುದಿಲ್ಲ. ಗಲ್ಲಾ ತೆರೆದ ಕೌಂಟರ್ ಯಾವುದೇ ಆಗಿರಲಿ, ಅವರವರ ಮೇಲ್ಸಾಲು ಅವರ ಜೊತೆಗೇ ಬರುತ್ತದೆ. ಒಬ್ಬರೇ ಎರಡೂ ಕಡೆ ಒಂದೇ ದಿನ ಕೂತರೂ ದಿನದ ಸಂಖ್ಯೆ ಒಮ್ಮೆ ಮಾತ್ರ ಏರುವಂತೆ, ಆ ಎಣಿಕೆಯನ್ನು ಸರ್ವರ್ ಯಂತ್ರದಲ್ಲೇ ಇಡಿ.